ವಿತ್‌ಡ್ರಾ ಮೇಷ್ಟ್ರು

ನಮ್ಮ ನಿವಾಸಿಗಳ ಸಂಘದ ಕಚೇರಿಯ ಗೋಡೆಗೆ ಒಂದು ತೇಗದ ಹಲಗೆ ಹೊಡೆದಿದೆ. ಈವರೆಗಿನ ಅಧ್ಯಕ್ಷರ ಹೆಸರುಗಳನ್ನು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸಿದ್ದಾರೆ. ಮೇಷ್ಟ್ರ ಹೆಸರು ಅಲ್ಲಿಲ್ಲ. ಜೀವನ್ ಬಿಮಾ ನಗರದ ಅಂಚಿನಲ್ಲಿರುವ ನಮ್ಮ ನಾಲ್ಕು ರಸ್ತೆಗಳ ಪುಟ್ಟ ಗಣರಾಜ್ಯದಲ್ಲಿ ಸಾಲಾಗಿ ಐದು ಚುನಾವಣೆಗೆ ನಾಮಪತ್ರ ಸಲ್ಲಿಸಿ, ನಾಲ್ಕನ್ನು ಕೊನೆಯ ಗಳಿಗೆಯಲ್ಲಿ ಹಿಂದಕ್ಕೆ ಪಡೆದ ಮನುಷ್ಯನ ಹೆಸರು ಅಂಥ ಹಲಗೆಯ ಮೇಲೆ ಬರುವುದಾದರೂ ಹೇಗೆ? ಆದರೆ ಆ ಕಚೇರಿಯ ಬಾಗಿಲಿಂದ ಹೊರಗೆ ಬಂದು ಯಾವ ದಿಕ್ಕಿಗೆ ನೋಡಿದರೂ ಅವರು ಹಿಂದಕ್ಕೆ ಪಡೆದದ್ದರ ಫಲ ಒಂದಲ್ಲ ಒಂದು ಕಾಣುತ್ತದೆ.

ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸಂಘದ ವಾರ್ತಾಪತ್ರಕ್ಕೆ ನಾಲ್ಕು ಸಾಲು ಬರೆದುಕೊಡಿ ಎಂದು ನನಗೆ ಹೇಳಿದರು. ‘ಶ್ರೀಯುತರು ಸರಳ ಸಜ್ಜನರಾಗಿದ್ದರು’ ಎಂದು ಶುರುಮಾಡಿದೆ. ಬರೆದ ಕೂಡಲೇ ಸುಳ್ಳು ಎನಿಸಿತು. ಸಜ್ಜನರು ಹೌದು, ಸರಳರು ಖಂಡಿತ ಅಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಟಿಪ್ಪಣಿ ಬರೆದ ಕೈ ನನ್ನದು. ಸುಳ್ಳು ಬರೆಯಲು ಅಂಜಿಕೆಯೇನಿಲ್ಲ, ಆದರೆ ಮೇಲೆ ಕೆಂಪು ಶಾಯಿಯಲ್ಲಿ ತಿದ್ದುವವರು ಇರಬೇಕು. ಅವರೇ ಇಲ್ಲದ ಮೇಲೆ ಯಾರ ಭರವಸೆಯಿಂದ ತಪ್ಪು ಬರೆಯಲಿ? ಆದ್ದರಿಂದ ನಾಲ್ಕು ಸಾಲು ಬಿಟ್ಟು ಇಷ್ಟುದ್ದ ಬರೆಯಬೇಕಾಯಿತು.

ಅವರು ಹಲಸೂರಿನಲ್ಲಿ ಹುಟ್ಟಿ ಬೆಳೆದವರು. ಶಿವಾಜಿನಗರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅರ್ಧ ತೋಳಿನ ಬಿಳಿ ಅಂಗಿ, ಅದರ ಜೇಬಿನಲ್ಲಿ ಕೆಂಪು ಪೆನ್ನು, ಪೆನ್ನಿನ ಪಕ್ಕ ಒಂದು ತುಂಡು ಸೀಮೆಸುಣ್ಣ. ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೂ ಆ ಸೀಮೆಸುಣ್ಣ ಏಕೆ ಎಂದು ಒಮ್ಮೆ ಕೇಳಿದೆ. ‘ಎಲ್ಲಿ ಯಾವಾಗ ಬೋರ್ಡ್ ಸಿಗುತ್ತೋ ಹೇಳೋಕಾಗಲ್ಲ’ ಅಂದರು. ನಗಲಿಲ್ಲ. ಅವರು ನಗೆಯ ಮಾತು ಆಡಿದಾಗಲೆಲ್ಲ ಮುಖವನ್ನು ಶವಯಾತ್ರೆಗೆ ಹೊರಟವರಂತೆ ಮಾಡಿಕೊಳ್ಳುತ್ತಿದ್ದರು. ನಿಜವಾಗಿ ಶವಯಾತ್ರೆಗೆ ಹೋದಾಗ ಮಾತ್ರ ಎಲ್ಲರನ್ನೂ ನಗಿಸಿ ಕಳಿಸುತ್ತಿದ್ದರು.

ಅವರ ಪಾಠದ ಕ್ರಮ ಒಂಥರಾ. ವಾರಕ್ಕೆ ಒಂದೇ ಕ್ರಿಯಾಪದ. ಸೋಮವಾರ ಬೋರ್ಡಿನ ಮೇಲೆ ಬರೆದು ಬಿಡುವುದು. ಶುಕ್ರವಾರದೊಳಗೆ ಪ್ರತಿಯೊಬ್ಬರೂ ತಮ್ಮ ಮನೆಯಿಂದಲೋ ಬೀದಿಯಿಂದಲೋ ಆ ಪದಕ್ಕೊಂದು ವಾಕ್ಯ ತರಬೇಕು; ಗೈಡಿನಿಂದ ತಂದರೆ ಬೆಂಚಿನ ಮೇಲೆ ನಿಲ್ಲಬೇಕು. ಒಳ್ಳೆಯ ವಾಕ್ಯಗಳನ್ನು ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಒಂದೊಂದು ಪದಕ್ಕೆ ಒಂದೊಂದು ಪುಟ. ‘ವಿತ್‌ಡ್ರಾ’ ಎಂಬ ಪದಕ್ಕೆ ಮಾತ್ರ ಇಡೀ ಒಂದು ನೋಟುಬುಕ್ಕು ಬೇಕಾಯಿತು. ಅದು ಈಗ ನನ್ನ ಮೇಜಿನ ಮೇಲಿದೆ. ವಾಕ್ಯಗಳು ಇಂಗ್ಲಿಷಿನಲ್ಲಿವೆ, ಜೀವನ ಶಿವಾಜಿನಗರದ್ದು.

ಒಬ್ಬ ಬರೆದಿದ್ದಾನೆ, ಹುಡುಗಿಯ ಮನೆಯ ಬಿರಿಯಾನಿ ತಿಂದು ಬಂದ ಮೇಲೆ ನಮ್ಮ ಮಾಮು ಮದುವೆಯ ಮಾತನ್ನು ವಿತ್‌ಡ್ರಾ ಮಾಡಿದರು. ಇನ್ನೊಬ್ಬಳು, ತಂದೂರ್ ಒಲೆಯೊಳಗಿಂದ ಅಬ್ಬಾ ಕೈಯನ್ನು ವಿತ್‌ಡ್ರಾ ಮಾಡುವುದನ್ನು ನಾನು ದಿನಾ ಎಣಿಸುತ್ತೇನೆ. ಮತ್ತೊಬ್ಬ, ನಮ್ಮ ಬೀದಿಗೆ ಬರುತ್ತಿದ್ದ ಬಸ್ಸನ್ನು ವಿತ್‌ಡ್ರಾ ಮಾಡಿದ್ದರಿಂದ ಅಜ್ಜಿಯ ಕಣ್ಣಿನ ಆಪರೇಷನ್ ಮುಂದಕ್ಕೆ ಹೋಯಿತು. ಅಪ್ಪ ಅಮ್ಮನಿಗೆ ಅಂದದ್ದನ್ನು ವಿತ್‌ಡ್ರಾ ಮಾಡಿದರು, ಆದರೆ ಅಮ್ಮ ಕೇಳಿಸಿಕೊಂಡದ್ದನ್ನು ವಿತ್‌ಡ್ರಾ ಮಾಡಲಿಲ್ಲ. ಈ ಕೊನೆಯದರ ಪಕ್ಕ ಕೆಂಪು ಶಾಯಿಯಲ್ಲಿ ‘ಹತ್ತಕ್ಕೆ ಹನ್ನೊಂದು’ ಎಂದು ಮಾರ್ಕು ಕೊಟ್ಟಿದ್ದಾರೆ.

ಬ್ಯಾಂಕಿನಲ್ಲಿ ಮಾಡುವುದನ್ನು ಬರೆದು ತಂದವರಿಗೆ ಅರ್ಧ ಮಾರ್ಕು. ಅದು ಎಲ್ಲರಿಗೂ ಗೊತ್ತಿರುವುದು ಎಂಬುದು ಅವರ ತಕರಾರು.

ಪದವನ್ನು ಅವರು ವಿವರಿಸುತ್ತಿದ್ದ ರೀತಿಯನ್ನು ನಾನೇ ಹಲವು ಸಲ ನೋಡಿದ್ದೇನೆ. ಬಲಗೈಯನ್ನು ಪೂರ್ತಿ ಮುಂದಕ್ಕೆ ಚಾಚಿ, ಮುಷ್ಟಿ ಕಟ್ಟಿ, ಬಾವಿಯಿಂದ ಕೊಡ ಸೇದುವವರಂತೆ ನಿಧಾನವಾಗಿ ಎದೆಯ ಹತ್ತಿರಕ್ಕೆ ತರುತ್ತಿದ್ದರು. ‘ನೋಡಿ, ಓಡಿ ಹೋಗೋಕೆ ಕಾಲಿದ್ರೆ ಸಾಕು. ಇದಕ್ಕೆ ತೋಳು ಬೇಕು. ತನ್ನನ್ನ ತಾನೇ ಎಳ್ಕೋಬೇಕಲ್ಲ.’ ಆಮೇಲೆ ಕೈಯನ್ನು ಎದೆಯ ಮೇಲಿಟ್ಟುಕೊಂಡೇ ಅವರ ಖಾಯಂ ಪ್ರಶ್ನೆ: ‘ಹಿಂದಕ್ಕೆ ಹೋದ, ಸರಿ. ಎಲ್ಲಿಗೆ?’ ಹಿಂದೆ ಸರಿಯುವವನು ಎಲ್ಲಿ ಹೋಗಿ ನಿಲ್ಲುತ್ತಾನೆ ಎಂದು ಹೇಳದ ವಾಕ್ಯವನ್ನು ಅವರು ಅಪೂರ್ಣ ಎಂದು ಹೊಡೆದುಹಾಕುತ್ತಿದ್ದರು. ಅವರದು ಬೌದ್ಧ ಕುಟುಂಬ. ಬುದ್ಧಪೂರ್ಣಿಮೆಯ ದಿನ ನಾಲ್ಕು ರಸ್ತೆಗೂ ಅವರ ಮನೆಯಿಂದಲೇ ಪಾಯಸ. ಒಂದು ವರ್ಷ ಪಾಯಸ ಕುಡಿಯುತ್ತ ನಾನು ಜಾಣತನ ಮಾಡಿ, ಅರಮನೆಯಿಂದ ರಾಜಕುಮಾರ ಹೊರಟಾಗ ಎಲ್ಲಿಗೆ ಅಂತ ಹೇಳಿದ್ದನೇ ಮೇಷ್ಟ್ರೇ ಎಂದು ಕೇಳಿಬಿಟ್ಟೆ. ‘ಇಲ್ಲ. ಅದಕ್ಕೇ ಆರು ವರ್ಷ ಹಿಡೀತು’ ಅಂದು ಇನ್ನೊಂದು ಸೌಟು ಹಾಕಿದರು.

ಇಷ್ಟಾದರೂ ಅವರು ಬರೇ ಪಾಠದಲ್ಲೇ ಉಳಿದಿದ್ದರೆ ‘ವಿತ್‌ಡ್ರಾ ಮೇಷ್ಟ್ರು’ ಎಂಬ ಬಿರುದು ಬರುತ್ತಿರಲಿಲ್ಲ. ಅದು ಬಂದದ್ದು ಸಂಘದ ರಾಜಕೀಯದಿಂದ. ಅದನ್ನು ತಿಳಿಯಲು ನಮ್ಮ ಅಧ್ಯಕ್ಷರ ಮನೋಧರ್ಮವನ್ನು ಸ್ವಲ್ಪ ತಿಳಿಯಬೇಕು.

ಅಧ್ಯಕ್ಷರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಜನರಲ್ ಮ್ಯಾನೇಜರ್ ಆಗಿದ್ದು ನಿವೃತ್ತರಾದವರು. ಕೆಲಸದಲ್ಲಿ ಗಟ್ಟಿಗರು, ಶಿಸ್ತಿನವರು. ಅವರಿಗಿದ್ದ ಆಸೆ ಒಂದೇ. ತೇಗದ ಹಲಗೆಯ ಮೇಲೆ ಹೆಸರಿನ ಮುಂದೆ ‘ಅವಿರೋಧ’ ಎಂದು ಬರೆಸಿಕೊಳ್ಳಬೇಕು. ಎದುರಾಳಿಯೇ ಇಲ್ಲದಿದ್ದರೆ ಮತದಾನವಿಲ್ಲ. ಮತದಾನವಿಲ್ಲದಿದ್ದರೆ ಆ ಪದವೊಂದು ಹೆಸರಿನ ಪಕ್ಕದಲ್ಲಿ ಹೊಳೆಯುತ್ತದೆ. ಎರಡು ವರ್ಷಕ್ಕೊಮ್ಮೆ ಚುನಾವಣೆ. ನಾಮಪತ್ರ ಹಿಂದಕ್ಕೆ ಪಡೆಯಲು ಗೊತ್ತಾದ ದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶ. ಕಾನೂನು ಗೊತ್ತಿರುವ ಮನುಷ್ಯ ಎಂಬ ಆರೋಪದ ಮೇಲೆ ಚುನಾವಣಾಧಿಕಾರಿಯ ಪಟ್ಟವನ್ನು ಪ್ರತಿ ಸಲ ನನಗೇ ಕಟ್ಟುತ್ತಿದ್ದರು.

ಮೊದಲ ಸಲ ಮೇಷ್ಟ್ರು ನಾಮಪತ್ರ ತಂದಾಗ ನನಗೆ ಸಂತೋಷವಾಯಿತು, ಪ್ರಜಾಪ್ರಭುತ್ವಕ್ಕೆ ಒಂದಿಷ್ಟು ವ್ಯಾಯಾಮ ಆಗುತ್ತದೆ ಎಂದು. ಅವರು ನಾಮಪತ್ರದ ಜೊತೆಯಲ್ಲೇ ಇನ್ನೊಂದು ಹಾಳೆ ಕೊಟ್ಟರು. ಅದು ನಾಮಪತ್ರ ಹಿಂದಕ್ಕೆ ಪಡೆಯುವ ಅರ್ಜಿ. ಸಹಿ ಇತ್ತು. ತಾರೀಖಿನ ಜಾಗ ಖಾಲಿ.

ಇದೇನು ಮೇಷ್ಟ್ರೇ, ನಿಲ್ಲುವ ಮೊದಲೇ ಹಿಂದೆ ಸರಿಯುತ್ತಿದ್ದೀರಲ್ಲ ಎಂದೆ.

‘ದಾರಿ ಮೊದಲು ಮಾಡ್ಕೊಂಡು ಆಮೇಲೆ ಒಳಗೆ ಹೋಗ್ಬೇಕು. ಡ್ರಾಯರ್‌ನಲ್ಲಿ ಇಟ್ಕೊಳಿ. ಡೇಟ್ ನಾನೇ ಬಂದು ಹಾಕ್ತೀನಿ.’

ಗೊತ್ತಾದ ದಿನ ಎರಡೂವರೆಗೆ ಬಂದರು. ಅಧ್ಯಕ್ಷರೂ ಬಂದರು. ಮೂರನೇ ಅಡ್ಡರಸ್ತೆಯ ಇಳಿಜಾರಿನಲ್ಲಿ ಬಾಯಿ ತೆರೆದುಕೊಂಡಿದ್ದ ಚರಂಡಿಯ ಬಗ್ಗೆ ಇಬ್ಬರೂ ಇಪ್ಪತ್ತು ನಿಮಿಷ ಮಾತಾಡಿದರು. ಎರಡು ಐವತ್ತಕ್ಕೆ, ಚಪ್ಪಡಿ ಹಾಕಿಸುವುದೆಂದು ಅಧ್ಯಕ್ಷರು ಠರಾವು ಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಎರಡು ಐವತ್ತೆರಡಕ್ಕೆ ಮೇಷ್ಟ್ರು ನನ್ನ ಡ್ರಾಯರ್‌ನಿಂದ ಹಾಳೆ ತೆಗೆಸಿ ತಾರೀಖು ಹಾಕಿದರು. ಅಧ್ಯಕ್ಷರು ಅವಿರೋಧ. ಚರಂಡಿಗೆ ಚಪ್ಪಡಿ.

ಎರಡನೆಯ ಚುನಾವಣೆಯಲ್ಲಿ ಪಾರ್ಕಿನ ಗೇಟು. ಮಧ್ಯಾಹ್ನ ಅದಕ್ಕೆ ಬೀಗ ಹಾಕುತ್ತಿದ್ದರು. ಮನೆಗೆಲಸದ ಹೆಂಗಸರೂ ಡ್ರೈವರುಗಳೂ ಫುಟ್‌ಪಾತಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಎರಡು ಐವತ್ತೆರಡರ ನಂತರ ಬೀಗ ಹೋಯಿತು. ಮೂರನೆಯದರಲ್ಲಿ ಸೆಲ್ವಿಯ ಇಸ್ತ್ರಿ ಗಾಡಿ ಎತ್ತಂಗಡಿಯಾಗದೆ ಉಳಿಯಿತು. ನಾಲ್ಕನೆಯದರಲ್ಲೂ ಅದೇ ಗಾಡಿ, ಜೊತೆಗೆ ಒಂದು ಕುಡಿಯುವ ನೀರಿನ ನಲ್ಲಿ. ಪ್ರತಿ ಸಲವೂ ಅಧ್ಯಕ್ಷರು ‘ಈ ಮನುಷ್ಯನಿಗೆ ಅಧಿಕಾರದ ಹುಚ್ಚು’ ಎಂದು ನನ್ನ ಹತ್ತಿರ ದೂರಿದರು. ಅಧಿಕಾರವನ್ನು ಇಷ್ಟು ಶ್ರದ್ಧೆಯಿಂದ ಬಿಟ್ಟುಕೊಡುವ ಹುಚ್ಚನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಸೆಲ್ವಿಯ ಗಾಡಿ ಇರುವುದು ಪಾರ್ಕಿನ ಹಿಂದಿನ ಗೇಟಿನ ಪಕ್ಕ, ಹೊಂಗೆ ಮರದ ಕೆಳಗೆ. ನಮ್ಮ ನಾಲ್ಕು ರಸ್ತೆಯ ಬಟ್ಟೆಯೆಲ್ಲ ಅವಳ ಇದ್ದಿಲಿನ ಪೆಟ್ಟಿಗೆಯ ಕೆಳಗೆ ಹಾದುಹೋಗಬೇಕು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮಗನಿಗೆ ಇಂಟರ್‌ವ್ಯೂ ಇದೆ, ಯಾವ ಗಂಡಹೆಂಡಿರ ಬಟ್ಟೆ ಈ ವಾರ ಬೇರೆ ಬೇರೆ ಗಂಟಿನಲ್ಲಿ ಬಂತು, ಎಲ್ಲವೂ ಅವಳಿಗೆ ತಿಳಿಯುತ್ತದೆ, ಯಾರಿಗೂ ಹೇಳುವುದಿಲ್ಲ. ಆ ಜಾಗದಲ್ಲಿ ಟೈಲ್ಸ್ ಹಾಕಿ ಹೂವಿನ ಕುಂಡ ಇಟ್ಟರೆ ಬಡಾವಣೆಗೆ ಕಳೆ ಬರುತ್ತದೆಂದು ಅಧ್ಯಕ್ಷರ ಕನಸು. ಐದನೆಯ ಚುನಾವಣೆಯ ಹೊತ್ತಿಗೆ ಕನಸು ನಕ್ಷೆಯಾಗಿತ್ತು. ಹೊಸ ಅವಧಿ ಶುರುವಾದ ಮೊದಲ ವಾರದಲ್ಲಿ ಗಾಡಿ ತೆಗೆಸುವುದು ಎಂದು ಕಾರ್ಯಕಾರಿ ಸಮಿತಿಯಲ್ಲಿ ಪಾಸೂ ಆಯಿತು. ಗಾಡಿ ಹೋದರೆ ಸೆಲ್ವಿಗೆ ಬೇರೆ ಜಾಗವಿರಲಿಲ್ಲ. ಅಕ್ಕಪಕ್ಕದ ಬಡಾವಣೆಗಳಲ್ಲಿ ಮರಕ್ಕೊಂದು ಗಾಡಿ ಆಗಲೇ ಇತ್ತು.

ಮೇಷ್ಟ್ರು ಎಂದಿನಂತೆ ನಾಮಪತ್ರ ಕೊಟ್ಟರು. ಎಂದಿನಂತೆ ತಾರೀಖಿಲ್ಲದ ಹಾಳೆಯನ್ನೂ ಕೊಟ್ಟರು. ನಾನು ಎಂದಿನಂತೆ ಡ್ರಾಯರ್‌ನಲ್ಲಿ ಇಟ್ಟೆ.

ಗೊತ್ತಾದ ದಿನ ಬೆಳಿಗ್ಗೆ ಅವರ ಮಗಳ ಫೋನು ಬಂತು. ಅಪ್ಪನಿಗೆ ಎದೆನೋವು, ಇಂದಿರಾನಗರದ ಆಸ್ಪತ್ರೆಗೆ ಸೇರಿಸಿದೆ, ತಕ್ಷಣ ಆಪರೇಷನ್ ಅಂತಿದಾರೆ, ಸಂಜೆವರೆಗೂ ಯಾರ ಜೊತೆಯೂ ಮಾತಾಡಿಸಲ್ಲ ಅಂತಿದಾರೆ ಅಂದಳು. ನಾನು ಹೊರಡಲೇ ಎಂದು ಕೇಳಿದೆ. ಬೇಡ ಅಂಕಲ್, ನೀವು ಅಲ್ಲೇ ಇರಬೇಕಂತೆ, ಸ್ಟ್ರೆಚರ್ ಮೇಲೆ ಮಲಗ್ಕೊಂಡು ಅದೊಂದೇ ಹೇಳಿದ್ರು ಅಂದಳು.

ಎರಡು ಗಂಟೆಗೆ ಕಚೇರಿಯ ಬಾಗಿಲು ತೆಗೆದು ಕೂತೆ. ಎರಡೂ ಕಾಲಿಗೆ ಹಲಸೂರಿನಿಂದ ಪೇಂಟರ್ ಬಂದ. ಕೈಯಲ್ಲಿ ಬಂಗಾರದ ಬಣ್ಣದ ಡಬ್ಬಿ. ಅಧ್ಯಕ್ಷರು ಬರಹೇಳಿದ್ದಾರೆ ಎಂದು ಹಲಗೆಯ ಕೆಳಗೆ ಸ್ಟೂಲು ಹಾಕಿಕೊಂಡು ಕೂತ. ಎರಡೂವರೆಗೆ ಅಧ್ಯಕ್ಷರೇ ಬಂದರು. ಮೇಷ್ಟ್ರ ಬಗ್ಗೆ ನಿಜವಾಗಿಯೂ ನೊಂದುಕೊಂಡರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕುರ್ಚಿಯಲ್ಲಿ ಕೂತು, ಕನ್ನಡಕ ಒರೆಸಿಕೊಂಡು, ಆಮೇಲೆ ಕೇಳಿದರು.

‘ಆ ಲೆಟರ್ ನಿಮ್ಮ ಹತ್ರ ಇದೆಯಲ್ಲ?’

‘ಇದೆ ಸಾರ್.’

‘ಸೈನು?’

‘ಇದೆ. ಡೇಟ್ ಇಲ್ಲ.’

‘ಡೇಟ್ ಏನು ಮಹಾ. ಇವತ್ತು ಯಾವ ತಾರೀಖು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಾಕ್ಬಿಡಿ. ಪಾಪ, ಅವರಿಗೂ ತಲೆನೋವು ತಪ್ಪುತ್ತೆ.’

ಗಾಡಿಯ ವಿಷಯ ಎಂದೆ.

‘ಅದನ್ನ ಆಮೇಲೆ ನೋಡೋಣ.’

ಆಮೇಲೆ ನೋಡೋಣ ಎಂಬ ಟಿಪ್ಪಣಿ ಬಿದ್ದ ಕಡತಗಳು ಎಲ್ಲಿಗೆ ಹೋಗುತ್ತವೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ನಗರದಲ್ಲಿ ಹೆಚ್ಚು ಜನ ಇರಲಾರರು. ನಾನೇ ಎಷ್ಟೋ ಕಡತಗಳನ್ನು ಅಲ್ಲಿಗೆ ತಲುಪಿಸಿದ್ದೇನೆ.

ನಾನು ಧೈರ್ಯವಂತನಲ್ಲ ಎಂಬುದನ್ನು ಇಲ್ಲಿ ದಾಖಲಿಸುವುದು ಒಳ್ಳೆಯದು. ಸರ್ವಿಸಿನ ಉದ್ದಕ್ಕೂ ಮೇಲಿನವರು ತೋರಿಸಿದ ಜಾಗದಲ್ಲಿ ಸಹಿ ಹಾಕಿದವನು. ‘ಆಗಲ್ಲ’ ಎಂಬ ಮಾತನ್ನು ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಅಧಿಕಾರಿಗಳ ಎದುರು ಆಡಿದ್ದು ನೆನಪಿಲ್ಲ. ಅಧ್ಯಕ್ಷರು ತಮ್ಮ ಪೆನ್ನನ್ನೇ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಿದ್ದರು. ಗೋಡೆಯ ಗಡಿಯಾರ ಎರಡು ನಲವತ್ತು ತೋರಿಸುತ್ತಿತ್ತು. ಪೇಂಟರ್ ಡಬ್ಬಿಯ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದ.

ನಾನು ಡ್ರಾಯರ್ ಎಳೆದೆ. ಹಾಳೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟೆ. ಸಂಘದ ಸೀಲನ್ನು ಪ್ಯಾಂಟಿನ ಜೇಬಿಗೆ ಹಾಕಿದೆ. ‘ಊಟ ಆಗಿಲ್ಲ ಸಾರ್, ಬಂದ್ಬಿಟ್ಟೆ’ ಎಂದು ಎದ್ದು ಹೊರಗೆ ನಡೆದೆ. ಊಟ ಒಂದು ಗಂಟೆಗೇ ಆಗಿತ್ತು.

ಹತ್ತು ಹೆಜ್ಜೆ ಹಾಕಿದ ಮೇಲೆ ಮೇಷ್ಟ್ರ ಪ್ರಶ್ನೆ ಎದುರಿಗೆ ಬಂದು ನಿಂತಿತು. ಎಲ್ಲಿಗೆ? ಮನೆಗೆ ಹೋಗುವಂತಿಲ್ಲ, ಅಧ್ಯಕ್ಷರು ಹಿಂದೆಯೇ ಬರುತ್ತಾರೆ, ನನ್ನ ಹೆಂಡತಿ ದಾವಣಗೆರೆಯ ಮರ್ಯಾದೆ ಬಿಡದೆ ಅವರಿಗೆ ಕಾಫಿ ಕೊಟ್ಟು, ನನಗೆ ಪೆನ್ನು ಹುಡುಕಿ ಕೊಡುತ್ತಾಳೆ. ಪಾರ್ಕಿನ ಬೆಂಚು ಕಚೇರಿಯ ಕಿಟಕಿಗೆ ನೇರ ಕಾಣುತ್ತದೆ. ಆಟೋ ಹತ್ತಿ ಎಲ್ಲಿಗಾದರೂ ಹೋಗೋಣವೆಂದರೆ ಅದು ಓಡಿಹೋದಂತೆ. ಮೇಷ್ಟ್ರು ಗುಣವಾಗಿ ಬಂದ ಮೇಲೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಕಾಲು ತಾನಾಗಿ ಪಾರ್ಕನ್ನು ಸುತ್ತು ಹಾಕಿ ಹಿಂದಿನ ಗೇಟಿಗೆ ಹೋಯಿತು.

ಸೆಲ್ವಿ ಯಾರದೋ ಮನೆಯ ದೊಡ್ಡ ಬೆಡ್‌ಶೀಟುಗಳನ್ನು ಗಾಡಿಯಿಂದ ಮರಕ್ಕೆ ಹಗ್ಗ ಕಟ್ಟಿ ಹರವಿದ್ದಳು. ಅದರ ಹಿಂದೆ ಅವಳ ಒಂದು ಮುರುಕು ಸ್ಟೂಲು. ಅದರ ಮೇಲೆ ಕೂತರೆ ರಸ್ತೆಗೆ ಕಾಣುವುದಿಲ್ಲ. ನಾನು ಕೂತೆ. ಅವಳು ಯಾಕೆಂದು ಕೇಳಲಿಲ್ಲ. ಅವಳು ತಿಕ್ಕುತ್ತಿದ್ದದ್ದು ಒಂದು ಬಿಳಿ ರೇಷ್ಮೆ ಜುಬ್ಬಾ. ಯಾರದೆಂದು ಕೇಳಿದೆ. ಪ್ರೆಸಿಡೆಂಟ್ ಸಾರ್‌ದು, ಸಾಯಂಕಾಲ ಹಾರ ಹಾಕ್ತಾರಂತೆ, ಅರ್ಜೆಂಟ್ ಅಂದ್ರು ಅಂದಳು. ಆಮೇಲೆ ಮೇಷ್ಟ್ರ ಬಗ್ಗೆ ಕೇಳಿದಳು.

‘ವಾತ್ಯಾರ್‌ಗೆ ಎಂಗಿದೆ ಸಾರ್?’

‘ಆಪರೇಷನ್ ನಡೀತಾ ಇದೆಯಂತೆ.’

ಅವಳು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಇದ್ದಿಲಿಗೆ ಗಾಳಿ ಬೀಸಿದಳು. ನನ್ನ ಜೇಬಿನಲ್ಲಿ ಫೋನು ಅದುರಿತು. ನಿಂತಿತು. ಮತ್ತೆ ಅದುರಿತು.

‘ಈ ಸತಿ ಗಾಡಿ ತಳ್ತಾರಂತೆ ಸಾರ್. ತಳ್ಳಲಿ, ಗಾಡಿಗೆ ಚಕ್ರ ಐತೆ. ಎಲ್ಲಿಗೆ ತಳ್ಳೋದು, ಅದೊಂದು ಯಾರೂ ಹೇಳಲ್ಲ.’

ಮೇಷ್ಟ್ರ ಕ್ಲಾಸಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ.

ಬೆವರಿಗೆ ಜೇಬಿನ ಹಾಳೆ ಒದ್ದೆಯಾಗಿ ಮುದ್ದೆಯಾಗಿತ್ತು. ತೆಗೆದು ಗಾಳಿಗೆ ಹಿಡಿದೆ. ಅವಳು ನೋಡಿ, ಮುಖ್ಯವಾದ ಕಾಗದವಾ ಅಂದಳು. ಹೌದು ಅಂದೆ. ಕೊಡಿ ಅಂದಳು. ಕೊಡಬಾರದೆಂದು ತೋಚುವ ಮೊದಲೇ ಕೊಟ್ಟುಬಿಟ್ಟೆ. ಅವಳಿಗೆ ಇಂಗ್ಲಿಷ್ ಓದಲು ಬಾರದು. ತನ್ನ ಗಾಡಿಯನ್ನು ಎತ್ತಂಗಡಿ ಮಾಡಬಲ್ಲ ಕಾಗದವನ್ನು ಬಟ್ಟೆ ಹಾಸಿದ ಹಲಗೆಯ ಮೇಲಿಟ್ಟು, ಮೇಲೊಂದು ತೆಳು ಪಂಚೆ ಮುಚ್ಚಿ, ಮೂಲೆಯಿಂದ ಮೂಲೆಗೆ ಎರಡು ಸಲ ಪೆಟ್ಟಿಗೆ ಹಾಯಿಸಿ, ನೆಟ್ಟಗೆ ಮಾಡಿ ನನ್ನ ಕೈಗೆ ಕೊಟ್ಟಳು. ಬಿಸಿಯಾಗಿತ್ತು.

ಫೋನು ಹನ್ನೊಂದು ಸಲ ಅದುರಿತು. ಎಣಿಸಿದೆ, ಬೇರೆ ಕೆಲಸವಿರಲಿಲ್ಲ. ರಸ್ತೆಯಲ್ಲಿ ಒಮ್ಮೆ ಅಧ್ಯಕ್ಷರ ಚಪ್ಪಲಿಯ ಸದ್ದು ಕೇಳಿತು. ನನ್ನನ್ನು ಕಂಡೆಯಾ ಎಂದು ಸೆಲ್ವಿಯನ್ನು ಕೇಳಿದರು. ಅವಳು ಜುಬ್ಬಾ ಎತ್ತಿ ತೋರಿಸಿ, ಇನ್ನೂ ಒಂದು ತೋಳು ಬಾಕಿ ಸಾರ್ ಎಂದಳು. ಅದು ಸುಳ್ಳೂ ಅಲ್ಲ, ಉತ್ತರವೂ ಅಲ್ಲ. ಅವರು ಮುಂದೆ ಹೋದರು. ಪಕ್ಕದ ಶಾಲೆಯಲ್ಲಿ ಮೂರರ ಗಂಟೆ ಹೊಡೆಯಿತು.

ನಾನು ಮೂರು ಐದಕ್ಕೆ ಕಚೇರಿಗೆ ಬಂದು ರಿಜಿಸ್ಟರ್ ತೆಗೆದು, ‘ನಾಮಪತ್ರ ಹಿಂತೆಗೆದುಕೊಂಡವರು: ಯಾರೂ ಇಲ್ಲ. ಮತದಾನ ನಡೆಯತಕ್ಕದ್ದು’ ಎಂದು ಬರೆದು ಸೀಲು ಒತ್ತಿದೆ. ಅಧ್ಯಕ್ಷರು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಪೇಂಟರ್‌ನನ್ನು ಕಳಿಸಿ, ಬಾಗಿಲು ಮುಂದೆ ಮಾಡಿ ಬಂದು ಕೂತರು. ಆಮೇಲೆ ಮೆಲ್ಲಗೆ ಕೇಳಿದರು.

‘ನಿಜ ಹೇಳಿ. ಎಷ್ಟು ಜನ ನನಗೆ ಹಾಕ್ತಾರೆ ಅಂತೀರಿ?’

ಎಂಟು ವರ್ಷ ಅಧ್ಯಕ್ಷರಾಗಿದ್ದ ಮನುಷ್ಯನಿಗೆ ಅದು ಗೊತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಬೇಕು ಅಂದವರೂ ಇರಲಿಲ್ಲ. ಆ ಬಂಗಾರದ ಪದದ ಹಿಂದೆ ಇಷ್ಟು ಅಂಜಿಕೆ ಇದ್ದದ್ದು ನನಗೂ ಆವತ್ತೇ ತಿಳಿದದ್ದು. ಕಾಫಿ ತರಿಸಿದೆ.

ಮತದಾನಕ್ಕೆ ಎರಡು ವಾರವಿತ್ತು. ಅಧ್ಯಕ್ಷರು ಜೀವನದಲ್ಲಿ ಮೊದಲ ಸಲ ಮನೆ ಮನೆಯ ಕರೆಗಂಟೆ ಒತ್ತಿದರು. ಪ್ರತಿ ಮನೆಯವರೂ ಅವರನ್ನು ಕೂರಿಸಿ, ಉಪಚಾರ ಮಾಡಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರಂತೆ: ಸಾರ್, ಇಸ್ತ್ರಿ ಗಾಡಿ ತೆಗೆಸಿದರೆ ನಮ್ಮ ಬಟ್ಟೆ ಗತಿ ಏನು? ಕಾರ್ಯಕಾರಿ ಸಮಿತಿಯಲ್ಲಿ ಕೈ ಎತ್ತಿ ಪಾಸು ಮಾಡಿದವರ ಹೆಂಡಂದಿರೂ ಅದನ್ನೇ ಕೇಳಿದರಂತೆ. ಎರಡನೆಯ ವಾರ ಒಂದು ಕರಪತ್ರ ಬಂತು. ‘ನಮ್ಮ ಭರವಸೆಗಳು’ ಎಂಬುದರ ಕೆಳಗೆ ಮೊದಲನೆಯದು, ಇಸ್ತ್ರಿ ಗಾಡಿಯನ್ನು ಈಗಿರುವ ಜಾಗದಲ್ಲೇ ಕಾಯಂ ಮಾಡಿ ಮೇಲೊಂದು ತಗಡಿನ ಸೂರು ಹಾಕಿಸಿಕೊಡಲಾಗುವುದು. ಸೂರನ್ನು ಮೇಷ್ಟ್ರು ಕೂಡ ಕೇಳಿರಲಿಲ್ಲ.

ಅಧ್ಯಕ್ಷರಿಗೆ ನೂರಹನ್ನೆರಡು ಮತ ಬಂದವು. ಆಸ್ಪತ್ರೆಯ ಹಾಸಿಗೆಯಿಂದ ಏಳದ ಮೇಷ್ಟ್ರಿಗೆ ಮೂವತ್ತೇಳು. ಅಧ್ಯಕ್ಷರು ಚೀಟಿಗಳನ್ನು ಎರಡು ಸಲ ಎಣಿಸಿದರು. ಎರಡನೆಯ ಸಲ ಎಣಿಸುವಾಗ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಮರುದಿನ ಪೇಂಟರ್ ಬಂದ. ಹಲಗೆಯ ಮೇಲೆ ನಾಲ್ಕು ಸಾಲು ‘ಅವಿರೋಧ’ ಇದ್ದ ಕೆಳಗೆ ಐದನೆಯ ಸಾಲಿನಲ್ಲಿ ‘೧೧೨ ಮತಗಳಿಂದ’ ಎಂದು ಬರೆಸಿದ್ದಾರೆ. ಅಕ್ಷರ ಮೇಲಿನವಕ್ಕಿಂತ ಒಂದು ಬೆರಳು ದಪ್ಪ.

ಮೇಷ್ಟ್ರು ಮನೆಗೆ ಬಂದ ಮೇಲೆ ನೋಡಲು ಹೋದೆ. ಇಳಿದುಹೋಗಿದ್ದರು. ಜೇಬಿನಲ್ಲಿ ಕೆಂಪು ಪೆನ್ನು ಮಾತ್ರ ಇತ್ತು. ನನ್ನ ಊಟದ ಸಮಾಚಾರ ನನ್ನ ಹೆಂಡತಿಯಿಂದ ಅವರ ಮಗಳಿಗೆ, ಮಗಳಿಂದ ಅವರಿಗೆ ಆಗಲೇ ತಲುಪಿತ್ತು. ನನ್ನನ್ನು ಎದುರಿಗೆ ಕೂರಿಸಿ ವಿಚಾರಣೆ ಶುರುಮಾಡಿದರು.

‘ಚುನಾವಣಾಧಿಕಾರಿ ಟೈಮ್ ಮುಗಿಯೋ ಮುಂಚೆ ಕುರ್ಚಿ ಬಿಟ್ಟು ಹೋಗ್ಬಹುದಾ?’

‘ಇಲ್ಲ ಮೇಷ್ಟ್ರೇ.’

‘ಊಟ ಆಗಿಲ್ಲ ಅಂತ ಸುಳ್ಳು ಹೇಳ್ಬಹುದಾ?’

‘ಇಲ್ಲ.’

‘ಎರಡು ತಪ್ಪು. ಬರ್ಕೊಳ್ತೀನಿ. ಹೋಗಿದ್ದು ಎಲ್ಲಿಗೆ?’

ಹೇಳಿದೆ. ಬೆಡ್‌ಶೀಟು, ಸ್ಟೂಲು, ಜುಬ್ಬಾ, ಕಾಗದಕ್ಕೆ ಇಸ್ತ್ರಿ ಹಾಕಿಸಿದ್ದು, ಎಲ್ಲ. ಕೇಳುತ್ತಿದ್ದಂತೆ ಅವರ ಮುಖ ಶವಯಾತ್ರೆಯದಾಯಿತು. ಅದರಿಂದಲೇ ಅವರಿಗೆ ಎಷ್ಟು ಸಂತೋಷವಾಗಿದೆಯೆಂದು ತಿಳಿಯಿತು. ಉದ್ದನೆಯ ನೋಟುಬುಕ್ಕನ್ನು ತರಿಸಿ, ಕೊನೆಯ ಪುಟದಲ್ಲಿ ಒಂದು ವಾಕ್ಯ ಬರೆದರು. ಚುನಾವಣಾಧಿಕಾರಿಯು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಸ್ತ್ರಿ ಗಾಡಿಗೆ ವಿತ್‌ಡ್ರಾ ಆದನು. ಬರೆದು, ಪಕ್ಕದಲ್ಲಿ ಮಾರ್ಕು ಹಾಕಿದರು. ಹತ್ತಕ್ಕೆ ಒಂಬತ್ತು. ಇನ್ನೊಂದು ಯಾಕೆ ಕಡಿಮೆ ಮೇಷ್ಟ್ರೇ ಎಂದೆ.

‘ಊಟದ ಸುಳ್ಳಿಗೆ.’

ಬಲಗೈ ಚಾಚಿದರು. ಎದೆಯ ಕಡೆಗೆ ಎಳೆದುಕೊಳ್ಳುತ್ತಾರೇನೋ ಎಂದುಕೊಂಡೆ. ಕಾಗದ ಕೊಡಿ ಎಂಬ ಸನ್ನೆ ಅದು. ನೆಟ್ಟಗಿದ್ದ ಹಾಳೆಯನ್ನು ಜೊತೆಗೆ ತಂದಿದ್ದ ಫೈಲಿನಿಂದ ತೆಗೆದು ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಒಂದು ಮಡಿಕೆಯೂ ಇಲ್ಲವಲ್ಲ ಎಂದು ಸೆಲ್ವಿಯ ಕೆಲಸವನ್ನು ಮೆಚ್ಚಿಕೊಂಡರು. ಆಮೇಲೆ ನನಗೇ ವಾಪಸು ಕೊಟ್ಟರು. ‘ನಿಮ್ಮ ಹತ್ರಾನೇ ಇರಲಿ. ಇನ್ನೂ ಡೇಟ್ ಹಾಕಿಲ್ಲ.’

ಆ ಮೇಲೆ ಒಂದೂವರೆ ವರ್ಷ ಇದ್ದರು. ಸಂಜೆ ಕೋಲೂರಿಕೊಂಡು ಗಾಡಿಯ ಹತ್ತಿರ ಬಂದು ತಗಡಿನ ಸೂರಿನ ಕೆಳಗೆ ಆ ಮುರುಕು ಸ್ಟೂಲಿನ ಮೇಲೆ ಕೂರುತ್ತಿದ್ದರು. ಸೆಲ್ವಿ ಇಸ್ತ್ರಿ ನಿಲ್ಲಿಸದೆ ಬೈಯುತ್ತಿದ್ದಳು: ನಡ್ಕೊಂಡು ಬರ್ಬೇಡಾಂತ ಡಾಕ್ಟ್ರು ಹೇಳಿಲ್ವಾ ವಾತ್ಯಾರೇ? ಹೇಳಿದ್ದು ನಿಜ, ನಾನು ಒಪ್ಪಿದ್ದು ಸುಳ್ಳು ಎನ್ನುತ್ತಿದ್ದರು ಅವರು.

ಹೋದ ತಿಂಗಳು ಸಂತಾಪ ಸಭೆ ಸಂಘದ ಕಚೇರಿಯಲ್ಲೇ ನಡೆಯಿತು, ತೇಗದ ಹಲಗೆಯ ಕೆಳಗೆ. ಅಧ್ಯಕ್ಷರು ಮಾತಾಡಲು ಎದ್ದು, ಎರಡು ವಾಕ್ಯವಾದ ಮೇಲೆ ಕೂತುಬಿಟ್ಟರು. ಬಾಗಿಲ ಹೊರಗೆ ಸೆಲ್ವಿ ನಿಂತಿದ್ದಳು. ಒಳಗೆ ಬಾ ಎಂದು ಅಧ್ಯಕ್ಷರೇ ಕರೆದು ಕುರ್ಚಿ ಹಾಕಿಸಿದರು. ಎಲ್ಲರೂ ಹೋದ ಮೇಲೆ ಅವರು ನನ್ನ ಮೇಜಿನ ಹತ್ತಿರ ಬಂದು ನಿಂತು, ಆ ಕಾಗದ ಇನ್ನೂ ಇದೆಯಾ ಎಂದು ಕೇಳಿದರು. ಇದೆ ಎಂದು ಡ್ರಾಯರ್ ಎಳೆದು ತೋರಿಸಿದೆ. ಸಹಿ ಹಾಗೇ ಇತ್ತು, ತಾರೀಖಿನ ಜಾಗವೂ ಹಾಗೇ ಇತ್ತು. ಅವರು ಅದನ್ನು ಮುಟ್ಟಲಿಲ್ಲ.

‘ಈಗಲಾದ್ರೂ ಡೇಟ್ ಹಾಕ್ಬಹುದಲ್ವೇನ್ರೀ’ ಅಂದರು.

ನಾನು ಬೈಲಾ ಪುಸ್ತಕ ತೆಗೆದು, ಆ ಪುಟ ಹುಡುಕಿ, ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದೆ. ಅಭ್ಯರ್ಥಿಯು ಖುದ್ದಾಗಿ ಬಂದು ಹಾಕತಕ್ಕದ್ದು.

ಅಧ್ಯಕ್ಷರು ಎರಡು ಸಲ ಓದಿದರು. ಸರಿ, ಹಾಗಾದರೆ ಅವರೇ ಬರಲಿ ಎಂದು ಡ್ರಾಯರನ್ನು ಮೆಲ್ಲಗೆ ಮುಚ್ಚಿದರು.